‘ಶಾಂತಚಿತ್ತರಾಗಿರತಕ್ಕದ್ದು’: ಒಂದು ಸುತ್ತೋಲೆಗೆ ತುರ್ತು ವಿಭಾಗದ ನರ್ಸ್ ಬರೆದ ಉತ್ತರ

ಆಸ್ಪತ್ರೆಗಳ ಆಡಳಿತ ನಡೆಸುವವರಿಗೆ, ವೈದ್ಯಕೀಯ ಹಾಗೂ ನರ್ಸಿಂಗ್ ಪಠ್ಯಕ್ರಮ ರೂಪಿಸುವವರಿಗೆ,

ನಮಸ್ಕಾರ.

ಕೆಲವು ದಿನಗಳ ಹಿಂದೆ ನಮ್ಮ ವಿಭಾಗಕ್ಕೆ ಒಂದು ಸುತ್ತೋಲೆ ಬಂತು. “ತುರ್ತು ಚಿಕಿತ್ಸಾ ವಿಭಾಗದ ಸಮಸ್ತ ಸಿಬ್ಬಂದಿ ಎಂಥದೇ ಒತ್ತಡದ ಸಂದರ್ಭದಲ್ಲಿಯೂ ಶಾಂತಚಿತ್ತರಾಗಿರತಕ್ಕದ್ದು ಹಾಗೂ ಚಿಕಿತ್ಸೆಯಲ್ಲಿ ಸಕ್ರಿಯವಾಗಿ ತೊಡಗಿಕೊಳ್ಳತಕ್ಕದ್ದು.” ಕೆಳಗೆ ಸಹಿ, ಮೊಹರು. ತಂದವರು ಅದನ್ನು ಆಕ್ಸಿಜನ್ ಸಿಲಿಂಡರಿನ ಕೀ ತೂಗುಹಾಕುವ ಮೊಳೆಗೇ ಸಿಕ್ಕಿಸಿ ಹೋಗಿದ್ದರು. ಕೀ ಎಲ್ಲೋ ಪಕ್ಕಕ್ಕೆ ಸರಿದಿತ್ತು. ಆ ರಾತ್ರಿ ಅದನ್ನು ಹುಡುಕುತ್ತ ಓಡಾಡಿದವಳು ನಾನೇ. ಶಾಂತಚಿತ್ತಳಾಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಸುತ್ತೋಲೆಗೆ ಕಾರಣ ಎರಡು ದೂರು. ಒಬ್ಬ ವೈದ್ಯರು ರೋಗಿಯ ಮುಂದೆಯೇ ಕೂಗಾಡಿದರು ಎಂಬುದು ಒಂದು. ಇನ್ನೊಬ್ಬ ವೈದ್ಯರು ರೋಗಿ ಸಾಯುತ್ತಿದ್ದರೂ ಕೈಕಟ್ಟಿ ನಿಂತು ನೋಡುತ್ತಿದ್ದರು ಎಂಬುದು ಇನ್ನೊಂದು. ಎರಡೂ ದಿನ ಡ್ಯೂಟಿಯಲ್ಲಿ ನಾನಿದ್ದೆ. ಎರಡೂ ದೂರು ನಿಜ. ಆದರೂ ಎರಡಕ್ಕೂ ಸೇರಿಸಿ ಬರೆದ ಆ ಒಂದು ಸಾಲಿನ ಉತ್ತರ ಸುಳ್ಳು ಎಂದು ಹೇಳುವುದಕ್ಕೇ ಈ ಪತ್ರ.

ಕೈಕಟ್ಟಿ ನಿಂತವರ ವಿಷಯ ಮೊದಲು ಹೇಳಿಬಿಡುತ್ತೇನೆ.

ಹೃದಯ ನಿಂತ ಸ್ಥಿತಿಯಲ್ಲಿ ಒಬ್ಬರನ್ನು ಕರೆತಂದಿದ್ದರು. ಒಬ್ಬರು ಎದೆ ಒತ್ತಲು ನಿಂತರು, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ. ಒಬ್ಬರ ಕೈಯಲ್ಲಿ ಅಂಬು ಬ್ಯಾಗ್, ಹಿಚುಕಿ ಉಸಿರು ಕೊಡುವ ಚೀಲ. ಒಬ್ಬರು ತೋಳಿನಲ್ಲಿ ರಕ್ತನಾಳ ಹುಡುಕುತ್ತಿದ್ದರು. ಔಷಧಿ ನನ್ನದು. ಕಿರಿಯ ಸಿಸ್ಟರ್ ಒಬ್ಬಳು ಗಡಿಯಾರ ನೋಡಿ ಬರೆಯುತ್ತಿದ್ದಳು. ನಮ್ಮ ಡಾಕ್ಟರು ಮಂಚದ ಕಾಲಿನ ಬದಿಗೆ, ಎರಡು ಹೆಜ್ಜೆ ಹಿಂದೆ, ಕೈಕಟ್ಟಿ ನಿಂತಿದ್ದರು. ಬಾಗಿಲಿನ ಗಾಜಿನಿಂದ ಇಣುಕಿದ ಮಗನಿಗೆ ಕಂಡದ್ದು ಅಷ್ಟೇ.

ಆತನಿಗೆ ಕೇಳಿಸದೆ ಹೋದದ್ದು ಇಷ್ಟು. “ಎರಡು ನಿಮಿಷ ಆಯ್ತೇನಮ್ಮಾ?” “ಇನ್ನು ಹತ್ತು ಸೆಕೆಂಡು ಸರ್.” “ಒತ್ತೋರು ಬದಲಾಗೋಕೆ ರೆಡಿ ಇರಿ. ನಿಲ್ಲಿಸಿ, ಮಾನಿಟರ್ ನೋಡೋಣ. ಶಾಕ್ ಕೊಡೋ ರಿದಮ್. ಎಲ್ಲರೂ ದೂರ.” ಶಾಕ್ ಆದ ಮರುಗಳಿಗೆಯೇ ಮತ್ತೆ ಒತ್ತಾಟ ಶುರು. ಆಗ ಅವರು ಎಲ್ಲರಿಗೂ ಕೇಳುವಂತೆ, ಅವಸರವಿಲ್ಲದೆ ಹೇಳಿದರು: “ಇಲ್ಲಿವರೆಗೆ ಮೂರು ಶಾಕ್, ಅಡ್ರಿನಲಿನ್ ಒಂದು. ಯಾಕೆ ನಿಂತಿದೆ ಅಂತ ನನಗಿನ್ನೂ ಗೊತ್ತಾಗಿಲ್ಲ. ಯಾರಿಗಾದರೂ ಏನಾದರೂ ಕಾಣ್ತಿದೆಯಾ?” ರಕ್ತನಾಳ ಹುಡುಕುತ್ತಿದ್ದವಳು ತಲೆ ಎತ್ತದೆಯೇ, “ಸರ್, ಈ ತೋಳಲ್ಲಿ ಫಿಸ್ಟುಲಾ ಇದೆ, ಡಯಾಲಿಸಿಸ್ ಪೇಷಂಟ್ ಇರಬೇಕು” ಎಂದಳು. ಡಯಾಲಿಸಿಸ್‌ಗೆಂದು ತೋಳಿನ ರಕ್ತನಾಳಗಳನ್ನು ಜೋಡಿಸಿರುವ ಜಾಗವೇ ಫಿಸ್ಟುಲಾ. ಕಿಡ್ನಿ ಕೈಕೊಟ್ಟವರಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವುದುಂಟು. ಲ್ಯಾಬಿನ ರಿಪೋರ್ಟಿಗೆ ಕಾಯದೆ ಕ್ಯಾಲ್ಸಿಯಂ ಕೊಟ್ಟೆವು. ಎರಡು ಸುತ್ತಿನ ಬಳಿಕ ನಾಡಿ ಸಿಕ್ಕಿತು.

ಅವರು ಕೈ ಬಿಚ್ಚಿ ತಾವೇ ಎದೆ ಒತ್ತಲು ಹೋಗಿದ್ದರೆ ಆ ಪ್ರಶ್ನೆ ಕೇಳುವವರು ಯಾರೂ ಇರುತ್ತಿರಲಿಲ್ಲ. ಒತ್ತುವವರಿಗೆ ತಮ್ಮ ಅಂಗೈ ಬಿಟ್ಟು ಬೇರೇನೂ ಕಾಣದು. ನಾನು ಔಷಧಿಯ ಪುಟ್ಟ ಗಾಜಿನ ಆಂಪ್ಯೂಲ್ ಒಡೆಯುವಾಗ ನನ್ನ ಜಗತ್ತು ಆ ಆಂಪ್ಯೂಲಿನಷ್ಟೇ ದೊಡ್ಡದು. ಇಡೀ ಕೋಣೆಯನ್ನು ಕಾಣಬೇಕಾದರೆ ಒಬ್ಬರ ಕೈ ಖಾಲಿ ಇರಲೇಬೇಕು. ನಿಮ್ಮ ಸುತ್ತೋಲೆಯ ‘ಸಕ್ರಿಯವಾಗಿ ತೊಡಗಿಕೊಳ್ಳತಕ್ಕದ್ದು’ ಎಂಬ ಮಾತು ಆ ಖಾಲಿ ಕೈಯನ್ನೇ ತಪ್ಪಿತಸ್ಥ ಮಾಡಿದೆ. ಈಗ ಅದೇ ವೈದ್ಯರು ಬಾಗಿಲ ಗಾಜಿನ ಕಡೆ ಒಮ್ಮೆ ನೋಡಿ, ಸುಮ್ಮನಾದರೂ ಸ್ಟೆತಸ್ಕೋಪ್ ಹಿಡಿದು ಬಗ್ಗುತ್ತಾರೆ. ಬಗ್ಗಿದವರಿಗೆ ಮಾನಿಟರ್ ಕಾಣುವುದಿಲ್ಲ.

ಇನ್ನು ಕೂಗಾಡಿದವರ ವಿಷಯ. ಇದನ್ನು ಬರೆಯುವುದು ಕಷ್ಟ, ಏಕೆಂದರೆ ಅವರು ಕೂಗಿದ್ದು ನನ್ನ ಮೇಲೆ.

ರಾತ್ರಿ ಮೂರರ ಹೊತ್ತು. ಉಸಿರಾಟ ಸೋತ ರೋಗಿಗೆ ಟ್ಯೂಬ್ ಹಾಕಬೇಕಿತ್ತು. ಮೊದಲ ಪ್ರಯತ್ನ ಆಗಲಿಲ್ಲ. ಡಾಕ್ಟರು ಬೂಜಿ ಕೇಳಿದರು. ಟ್ಯೂಬಿಗೆ ದಾರಿ ತೋರಿಸುವ ಉದ್ದನೆಯ ಮೆದು ಕಡ್ಡಿ ಅದು. ನನ್ನ ಕೈ ತಾನಾಗಿ ಎರಡನೆಯ ಡ್ರಾಯರಿಗೆ ಹೋಯಿತು. ಅಲ್ಲಿ ಕ್ಯಾನುಲಾಗಳಿದ್ದವು. ಮೂರನೆಯದರಲ್ಲಿ ಡ್ರಿಪ್ ಸೆಟ್ಟುಗಳು. ಹಿಂದಿನ ವಾರವಷ್ಟೇ ಹಳೆಯ ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಔಷಧಿ-ಸಲಕರಣೆ ಇಡುವ ತಳ್ಳುಗಾಡಿ, ಒಯ್ದು ಹೊಸದನ್ನು ತಂದಿಟ್ಟಿದ್ದರು. ತುಂಬಿಸಿದವರು ಸ್ಟೋರಿನ ಪಟ್ಟಿಯ ಕ್ರಮದಲ್ಲಿ ತುಂಬಿಸಿದ್ದರು. ಚಕ್ರ ಚೆನ್ನಾಗಿ ತಿರುಗುತ್ತಿತ್ತು, ಬಣ್ಣವೂ ಚೆಂದ. ಬೂಜಿ ಮಾತ್ರ ಕಾರ್ಟಿನ ಹಿಂಬದಿಯ ಕೊಳವೆಯಲ್ಲಿ ನೆಟ್ಟಗೆ ನಿಂತಿತ್ತು, ನನಗೆ ಕಾಣದಂತೆ. “ಏನ್ ಮಾಡ್ತಿದೀರಿ ಸಿಸ್ಟರ್ ಅಲ್ಲಿ!” ಎಂದು ಅವರು ಚೀರಿದ ಕೂಡಲೇ ನನ್ನ ಕಿವಿಯೇ ಮುಚ್ಚಿಹೋಯಿತು. ಆಗಲೇ ತೆರೆದು ನೋಡಿದ್ದ ಡ್ರಾಯರನ್ನು ಮತ್ತೆ ತೆರೆದೆ. ಮತ್ತೊಮ್ಮೆ ತೆರೆದೆ. ಅಂಬು ಬ್ಯಾಗಿನಿಂದ ಉಸಿರು ಹೋಗುತ್ತಲೇ ಇತ್ತು, ಅದು ಪುಣ್ಯ. ಆ ರೋಗಿ ಎರಡು ದಿನ ಬಿಟ್ಟು ಐಸಿಯುನಲ್ಲಿ ತೀರಿಕೊಂಡರು. ಕಡ್ಡಿ ಬೇಗ ಸಿಕ್ಕಿದ್ದರೆ ಬದುಕುತ್ತಿದ್ದರು ಎನ್ನಲು ನನ್ನ ಬಳಿ ಆಧಾರವಿಲ್ಲ. ಆ ಡ್ರಾಯರುಗಳ ಸದ್ದು ಮಾತ್ರ ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಬರುತ್ತದೆ.

ಮರುದಿನ ವಿಚಾರಣೆ ನಡೆಯಿತು. ಡಾಕ್ಟರನ್ನು ಕರೆದು ಕೋಪದ ಬಗ್ಗೆ ಬುದ್ಧಿ ಹೇಳಿದರು. ನನ್ನನ್ನು ಕರೆದು ಗಾಬರಿಯ ಬಗ್ಗೆ ಬುದ್ಧಿ ಹೇಳಿದರು. ಕಾರ್ಟನ್ನು ಯಾರೂ ಕರೆಯಲಿಲ್ಲ.

ಒತ್ತಡ ಬಂದಾಗ ಮೈಯೊಳಗೆ ಏನಾಗುತ್ತದೆ ಎಂಬುದು ನಮಗೆಲ್ಲ ಪಾಠದಲ್ಲಿದೆ. ರೋಗಿಗೆ ಕೊಡುವ ಅದೇ ಅಡ್ರಿನಲಿನ್ ನಮ್ಮ ರಕ್ತದಲ್ಲೂ ಸುರಿಯುತ್ತದೆ. ಓಡಲು, ಎತ್ತಲು, ಎದೆ ಒತ್ತಲು ಅದು ಒಳ್ಳೆಯದೇ. ಸಿರಿಂಜನ್ನು ಸಣ್ಣ ಗೆರೆಯೊಂದರ ಮೇಲೆ ನಿಲ್ಲಿಸಲು, ಮಗುವಿನ ತೂಕಕ್ಕೆ ಡೋಸ್ ಲೆಕ್ಕ ಹಾಕಲು ಅದೇ ಶತ್ರು. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದೇ ಜಾಡಿನ ಮಾತು: ಸುಲಭದ ಕೆಲಸವನ್ನು ಹೆಚ್ಚು ಉದ್ರೇಕದಲ್ಲೂ ಕಲಿಯಬಹುದು, ಕಷ್ಟದ ಕೆಲಸಕ್ಕೆ ಅಷ್ಟು ಉದ್ರೇಕ ತಡೆಯದು. ಹಾಗಾದರೆ ಮಾಡಬೇಕಾದ್ದೇನು? ಉದ್ರೇಕವನ್ನು ಆಜ್ಞೆ ಹೊರಡಿಸಿ ಇಳಿಸಲಾಗದು. ಕೆಲಸವನ್ನು ಸುಲಭ ಮಾಡಬಹುದು.

ಹಾಗೆ ಮಾಡಿದವರಿದ್ದಾರೆ. ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ಒಂದು ಟೇಪ್ ತಯಾರಿಸಿದರು. ಮಗುವಿನ ಪಕ್ಕಕ್ಕೆ ಅದನ್ನು ಹಾಸಿದರೆ ಹಿಮ್ಮಡಿ ಯಾವ ಬಣ್ಣದ ಮೇಲೆ ಬರುತ್ತದೋ ಆ ಬಣ್ಣದಲ್ಲೇ ಔಷಧಿಯ ಪ್ರಮಾಣ, ಟ್ಯೂಬಿನ ಅಳತೆ ಎಲ್ಲ ಅಚ್ಚಾಗಿರುತ್ತದೆ. ತೂಕ ಊಹಿಸಬೇಕಿಲ್ಲ, ಗುಣಿಸಬೇಕಿಲ್ಲ, ದಶಮಾಂಶದ ಚುಕ್ಕಿ ತಪ್ಪುವ ಭಯವಿಲ್ಲ. ‘ಮಕ್ಕಳ ವಿಷಯದಲ್ಲಿ ಧೈರ್ಯ ತಂದುಕೊಳ್ಳಿ’ ಎಂದು ಉಪದೇಶಿಸುವ ಬದಲು ಒಬ್ಬರು ಲೆಕ್ಕವನ್ನೇ ಕೋಣೆಯಿಂದ ಹೊರಗೆ ಕಳಿಸಿದರು. ಮಗುವನ್ನು ಎತ್ತಿಕೊಂಡು ತಾಯಿ ಒಳಗೆ ಓಡಿ ಬಂದಾಗ ಆ ಟೇಪ್ ಬಿಚ್ಚಿಕೊಳ್ಳುವ ಶಬ್ದ ಕೇಳಿದರೆ ಸಾಕು, ನನ್ನ ಹೆಗಲು ತಾನಾಗಿ ಇಳಿಯುತ್ತದೆ.

ಮೊನ್ನೆ ಸುತ್ತೋಲೆಯ ಬೆನ್ನಿಗೇ ನಮಗೆ ಎರಡು ಗಂಟೆಯ ‘ಮನೋನಿಗ್ರಹ’ ಉಪನ್ಯಾಸ ಇಟ್ಟಿದ್ದಿರಿ. ಬಂದವರು ಸಜ್ಜನರು. ಉಸಿರನ್ನು ನಾಲ್ಕು ಎಣಿಸುವಷ್ಟು ಒಳಗೆಳೆದು, ನಾಲ್ಕು ಹಿಡಿದು, ನಾಲ್ಕು ಬಿಟ್ಟು, ಮತ್ತೆ ನಾಲ್ಕು ತಡೆಯುವುದನ್ನು ಹೇಳಿಕೊಟ್ಟರು. ಇದನ್ನು ನಾನು ಹೀಗಳೆಯುವುದಿಲ್ಲ. ಆಂಬುಲೆನ್ಸ್ ಬರುತ್ತಿದೆ ಎಂಬ ಫೋನಿಗೂ ಆಂಬುಲೆನ್ಸಿಗೂ ನಡುವಿನ ಹೊತ್ತಿನಲ್ಲಿ ನಾನೂ ಉಸಿರನ್ನು ಉದ್ದಕ್ಕೆ ಬಿಡುತ್ತೇನೆ, ಕೈ ನಡುಕ ನಿಜಕ್ಕೂ ಇಳಿಯುತ್ತದೆ. ಆದರೆ ಬೂಜಿ ಎಲ್ಲಿದೆ ಎಂದು ಉಸಿರು ಹೇಳುವುದಿಲ್ಲ.

ನನಗೆ ನಿಜವಾದ ತರಬೇತಿ ಕೊಟ್ಟವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯ ಸಿಸ್ಟರ್. ಪಾಳಿ ಬದಲಾಗುವ ಹೊತ್ತಿನ ಹ್ಯಾಂಡೋವರ್ ಮುಗಿದ ಮೇಲೆ ಹೊಸಬರನ್ನು ಕಾರ್ಟಿನ ಮುಂದೆ ನಿಲ್ಲಿಸಿ “ಕಣ್ಣು ಮುಚ್ಚು” ಅನ್ನುತ್ತಿದ್ದರು. “ಅಡ್ರಿನಲಿನ್.” ಕೈ ಡ್ರಾಯರಿಗೆ ಹೋಗಿ ಆಂಪ್ಯೂಲ್ ಹಿಡಿಯುವ ತನಕ ಕಣ್ಣು ಬಿಡುವಂತಿಲ್ಲ. ಹಿಡಿದ ಮೇಲೆ ಬಿಡಲೇಬೇಕು, ಲೇಬಲನ್ನು ಜೋರಾಗಿ ಓದಲೇಬೇಕು: ಹೆಸರು, ಪ್ರಮಾಣ, ಅವಧಿ. ಓದದೆ ಕೊಟ್ಟವಳಿಗೆ ಅವರು ಬೈಯುತ್ತಿರಲಿಲ್ಲ, ಆಂಪ್ಯೂಲನ್ನು ವಾಪಸ್ಸಿಟ್ಟು “ಇನ್ನೊಂದ್ಸಲ” ಅನ್ನುತ್ತಿದ್ದರು. ನಮಗೆಲ್ಲ ನಗು. ಅವರಿಗಿಲ್ಲ.

ವರ್ಷಗಳ ನಂತರ ಅದು ಕೆಲಸಕ್ಕೆ ಬಂತು. ಇಂಜೆಕ್ಷನ್ ಒಗ್ಗದೆ ಒಬ್ಬ ಹುಡುಗನ ಮೈಯೆಲ್ಲ ದದ್ದೆದ್ದು, ತುಟಿ ಊದಿ, ರಕ್ತದೊತ್ತಡ ಕುಸಿಯುತ್ತಿತ್ತು. ಅನಾಫಿಲ್ಯಾಕ್ಸಿಸ್, ಜೀವಕ್ಕೇ ಎರವಾಗುವ ಅಲರ್ಜಿ. ಕೆಲಸಕ್ಕೆ ಸೇರಿ ಮೂರೇ ವಾರವಾಗಿದ್ದ ಡಾಕ್ಟರು, “ಅಡ್ರಿನಲಿನ್ ಒಂದು ಮಿಲಿಗ್ರಾಂ, ಐವಿ!” ಎಂದರು. ಅದು ಹೃದಯ ನಿಂತವರಿಗೆ ಕೊಡುವ ಡೋಸು. ನಾಡಿ ಇರುವವರ ರಕ್ತನಾಳಕ್ಕೆ ಅಷ್ಟನ್ನು ಒಮ್ಮೆಗೇ ತಳ್ಳಿದರೆ ಹೃದಯವೇ ಲಯ ತಪ್ಪೀತು. ಇಲ್ಲಿ ಬೇಕಿದ್ದದ್ದು ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಅವರಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾಗಿ ಬಂದವರೇ. ಆ ಗಳಿಗೆಯಲ್ಲಿ ಎರಡು ಪಾಠ ಒಂದರ ಮೇಲೊಂದು ಬಿದ್ದಿದ್ದವು, ಅಷ್ಟೇ. ‘ತಪ್ಪು ಸರ್’ ಎನ್ನುವ ಧೈರ್ಯ ನನಗಿರಲಿಲ್ಲ. ಆದರೆ ಕೈಯಲ್ಲಿ ಆಂಪ್ಯೂಲ್ ಇತ್ತು, ಓದುವ ಅಭ್ಯಾಸವಿತ್ತು. “ಅಡ್ರಿನಲಿನ್, ಒಂದು ಎಂಎಲ್‌ನಲ್ಲಿ ಒಂದು ಮಿಲಿಗ್ರಾಂ. ಅನಾಫಿಲ್ಯಾಕ್ಸಿಸ್‌ಗೆ ಅರ್ಧ, ತೊಡೆಗೆ ಕೊಡ್ತಿದೀನಿ ಸರ್. ಸರೀನಾ?” ಒಂದು ಕ್ಷಣ ಅವರು ನನ್ನನ್ನೇ ನೋಡಿದರು. “ಹೌದು ಹೌದು, ತೊಡೆಗೆ. ಅರ್ಧ.” ಹುಡುಗ ಬೆಳಿಗ್ಗೆ ಕಾಫಿ ಕೇಳಿದ.

ಆ ಡಾಕ್ಟರು ಆಮೇಲೆ ನನ್ನ ಬಳಿ ಬಂದು ಥ್ಯಾಂಕ್ಸ್ ಹೇಳಿದರು. ಎಲ್ಲರೂ ಹಾಗಿರುವುದಿಲ್ಲ, ಎಲ್ಲ ನರ್ಸುಗಳ ಬಾಯಿಗೂ ಆ ವಾಕ್ಯ ಬರುವುದಿಲ್ಲ. ಬ್ರಿಟನ್ನಿನಲ್ಲಿ 2005ರ ಮಾರ್ಚ್‌ನಲ್ಲಿ ನಡೆದದ್ದು ನಿಮಗೆ ಗೊತ್ತಿರಬಹುದು. ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಬಂದ ಮಹಿಳೆಯೊಬ್ಬರಿಗೆ ಅರಿವಳಿಕೆ ಕೊಟ್ಟ ಮೇಲೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಯಲಿಲ್ಲ. ಕೋಣೆಯಲ್ಲಿದ್ದವರು ಅನುಭವಿ ವೈದ್ಯರು. ಟ್ಯೂಬ್, ಮತ್ತೆ ಟ್ಯೂಬ್, ಮತ್ತೆ ಟ್ಯೂಬ್ ಎಂದು ಅದೊಂದಕ್ಕೇ ಅವರ ಗಮನ ಅಂಟಿಕೊಂಡಿತು. ಆಕ್ಸಿಜನ್ ಕುಸಿದ ಹೊತ್ತು ಕೈಮೀರಿ ಹೋಗುತ್ತಿದ್ದುದು ಅವರ ಅರಿವಿಗೆ ಬರಲಿಲ್ಲ. ಒಬ್ಬ ನರ್ಸ್ ಕತ್ತಿನಲ್ಲಿ ರಂಧ್ರ ಮಾಡಿ ಉಸಿರು ಕೊಡುವ ಸಲಕರಣೆ ತಂದು ಸಿದ್ಧವಿದೆ ಎಂದರು. ಇನ್ನೊಬ್ಬರು ಐಸಿಯುನಲ್ಲಿ ಹಾಸಿಗೆ ಕಾದಿರಿಸಿ ಬಂದು ಹೇಳಿದರು, ವೈದ್ಯರ ನೋಟ ಕಂಡು ತಮ್ಮದೇ ಅತಿಯಾಯಿತೇನೋ ಎಂದುಕೊಂಡು ಹೋಗಿ ರದ್ದು ಮಾಡಿದರು. 13 ದಿನಗಳ ನಂತರ ಆಕೆ ತೀರಿಕೊಂಡರು. ಗಂಡ ಮಾರ್ಟಿನ್ ಬ್ರೊಮಿಲಿ ವಿಮಾನದ ಪೈಲಟ್. ಯಾರನ್ನು ಶಿಕ್ಷಿಸಬೇಕು ಎಂದು ಕೇಳುವುದನ್ನು ಬಿಟ್ಟು, ಇಷ್ಟು ಬಲ್ಲವರಿಗೆ ಹೀಗೇಕಾಯಿತು ಎಂದು ಅವರು ಕೇಳಿದರು. 2007ರಲ್ಲಿ ಅದಕ್ಕೆಂದೇ ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್ ಕಟ್ಟಿದರು.

ಪೈಲಟ್‌ಗಳ ಉದಾಹರಣೆ ಕೇಳಿ ಕೇಳಿ ನಿಮಗೂ ಸಾಕಾಗಿರಬಹುದು, ನನಗೂ ಅಷ್ಟೇ. ವಿಮಾನದಲ್ಲಿ ದೋಷ ಕಂಡರೆ ಹಾರಾಟ ರದ್ದು ಮಾಡಬಹುದು, ನಮ್ಮ ಬಾಗಿಲಿಗೆ ಬಂದವರನ್ನು ನಾಳೆ ಬನ್ನಿ ಎನ್ನಲಾಗದು. ಆದರೂ ಆ ಎರಡು ನರ್ಸುಗಳನ್ನು ನಾನು ಮರೆಯಲಾರೆ. ಗೊತ್ತಿತ್ತು, ಹೇಳಿದರು, ಆದರೆ ಮಾತು ತಲುಪಲಿಲ್ಲ. ಹೇಗೆ ತಲುಪಿಸಬೇಕೆಂಬುದೂ ಕಲಿಸಬಹುದಾದ ವಿದ್ಯೆ: ಮೊದಲು ಪ್ರಶ್ನೆ, ಕೇಳದಿದ್ದರೆ ಆತಂಕ, ಆಗಲೂ ಕೇಳದಿದ್ದರೆ ನೇರವಾಗಿ “ಸರ್, ಇದು ಅಪಾಯ, ನಿಲ್ಲಿಸಿ”. ನಿಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಎಷ್ಟು ಗಂಟೆ ಇಟ್ಟಿದ್ದೀರಿ, ದಯವಿಟ್ಟು ಎಣಿಸಿ ನೋಡಿ. ಕೇಳಿಸಿಕೊಳ್ಳುವುದನ್ನು ವೈದ್ಯರಿಗೆ ಕಲಿಸಲು ಎಷ್ಟು ಎಂಬುದನ್ನೂ.

ಕೂಗಾಟವನ್ನು ನಾನು ಸಮರ್ಥಿಸುತ್ತಿಲ್ಲ. ಇಸ್ರೇಲ್‌ನಲ್ಲಿ ನವಜಾತ ಶಿಶುಗಳ ಐಸಿಯು ತಂಡಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಣಕು ಅಭ್ಯಾಸದ ನಡುವೆ ಹೊರಗಿನ ತಜ್ಞರೊಬ್ಬರ ಕೊಂಕುಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ಮಾಹಿತಿ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ನನ್ನ ಕಿವಿ ಮುಚ್ಚಿಹೋದದ್ದು ನನ್ನೊಬ್ಬಳ ದೌರ್ಬಲ್ಯವಲ್ಲ ಎಂದು ಅದನ್ನು ಓದಿದ ಮೇಲೆ ಸಮಾಧಾನವಾಯಿತು. ಅಂದಹಾಗೆ, ರೋಗಿಯ ಎದೆ ಒತ್ತುತ್ತಿರುವಾಗ ಒಳಗೆ ಬಂದು ‘ಬಿಲ್ ವಿಭಾಗಕ್ಕೆ ಇನ್ನೂ ಫೈಲ್ ಹೋಗಿಲ್ಲವೇಕೆ’ ಎಂದು ಕೇಳುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಯಾರು ಕೇಳಿದ್ದು ಎಂದು ಬರೆಯುವುದಿಲ್ಲ, ಅವರಿಗೆ ಗೊತ್ತು.

ಕೂಗಿದ ಆ ಡಾಕ್ಟರು ಹಿಂದಿನ ಬೆಳಿಗ್ಗೆ ಡ್ಯೂಟಿಗೆ ಬಂದವರು ಎಂಬುದು ವಿಚಾರಣೆಯ ವರದಿಯಲ್ಲಿಲ್ಲ. ಹದಿನೇಳು ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲೇ ಅಳೆದು ತೋರಿಸಿದ್ದಾರೆ. ಕುಡಿದು ಬಂದ ವೈದ್ಯರನ್ನು ನೀವು ಬಾಗಿಲಲ್ಲೇ ತಡೆಯುತ್ತೀರಿ. ನಿದ್ದೆಗೆಟ್ಟವರಿಗೆ ರೋಸ್ಟರ್ ಹಾಕಿ ಕೊಡುತ್ತೀರಿ.

ನಿರ್ಧಾರದ ಬಗ್ಗೆಯೂ ಒಂದು ಮಾತು. ಒಳ್ಳೆಯ ತುರ್ತು ವೈದ್ಯರು ಥಟ್ಟನೆ ನಿರ್ಧರಿಸುತ್ತಾರೆ ಎಂದು ಹೊಗಳುತ್ತೇವೆ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಕೂಡಿಸಿಕೊಂಡು ಕೇಳಿದಾಗ, ನಾಲ್ಕು ದಾರಿ ಇಟ್ಟುಕೊಂಡು ತೂಗಿ ನೋಡುತ್ತೇವೆ ಎಂದವರು ಕಡಿಮೆ. ಹಿಂದೆ ಕಂಡದ್ದರ ಗುರುತು ಹಿಡಿದು, ಮೊದಲು ಹೊಳೆದ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ಓಡಿಸಿ ನೋಡಿ ಹೊರಟುಬಿಡುತ್ತಿದ್ದರು. ನಮ್ಮಲ್ಲೂ ಹೀಗೆಯೇ. ಗುರುತು ಸರಿಯಿದ್ದರೆ ಜೀವ ಉಳಿಯುತ್ತದೆ. ತಪ್ಪಿದ್ದರೆ ಅದೇ ವೇಗದಲ್ಲಿ ತಪ್ಪು ದಾರಿಯಲ್ಲಿ ದೂರ ಹೋಗಿರುತ್ತೇವೆ. ಅದಕ್ಕೇ ನಡುವೆ ನಿಂತು ‘ಇದಲ್ಲದೆ ಬೇರೇನಿರಬಹುದು’ ಎನ್ನುವ ಗಳಿಗೆ ಬೇಕು. ಸಿಮ್ಯುಲೇಷನ್ ತರಬೇತಿ ಕೊಡುವವರು ಇದನ್ನು ‘ಹತ್ತು ನಿಮಿಷಕ್ಕೆ ಹತ್ತು ಸೆಕೆಂಡು’ ಎನ್ನುತ್ತಾರೆ: ಮುಂದಿನ ಹತ್ತು ನಿಮಿಷ ಸರಿಯಾಗಿ ನಡೆಯಲೆಂದು ಹತ್ತು ಸೆಕೆಂಡು ನಿಲ್ಲುವುದು. ಕೈಕಟ್ಟಿ ನಿಂತ ನಮ್ಮ ಡಾಕ್ಟರು ಮಾಡಿದ್ದು ಅದೇ. ಆ ಹತ್ತು ಸೆಕೆಂಡಿನಲ್ಲೇ ಫಿಸ್ಟುಲಾ ಮಾತಿಗೆ ಬಂದದ್ದು.

ಕೇಳುವುದು ಹೆಚ್ಚೇನಿಲ್ಲ. ಆಸ್ಪತ್ರೆಯ ಎಲ್ಲ ಕ್ರ್ಯಾಶ್ ಕಾರ್ಟುಗಳ ಒಳಗೆ ಒಂದೇ ಜೋಡಣೆ ಇರಲಿ, ಅದನ್ನು ಬದಲಿಸುವ ಮುಂಚೆ ಅದರಲ್ಲಿ ಕೈಯಾಡಿಸುವವರನ್ನು ಕೇಳಿ. ಅಣಕು ಅಭ್ಯಾಸವನ್ನು ಡ್ಯೂಟಿಯ ಅವಧಿಯಲ್ಲೇ, ನಮ್ಮದೇ ಕೋಣೆಯಲ್ಲಿ, ನಮ್ಮದೇ ಸಲಕರಣೆಯೊಂದಿಗೆ ಮಾಡಿಸಿ. ಈಗಿನಂತೆ ನೈಟ್ ಡ್ಯೂಟಿ ಮುಗಿಸಿದವರನ್ನು ಸಭಾಂಗಣಕ್ಕೆ ಕರೆದು ಕೂಡಿಸಿದರೆ ನಾವು ಕಲಿಯುವುದು ಕಣ್ಣು ತೆರೆದು ನಿದ್ದೆ ಮಾಡುವುದನ್ನಷ್ಟೇ. ಕಷ್ಟದ ಕೇಸ್ ಮುಗಿದಾಗ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಮಾತಾಡಲು ಬಿಡಿ, ಅದನ್ನು ವಿಚಾರಣೆಯ ದಾಖಲೆ ಮಾಡಬೇಡಿ. ದೂರು ಕೊಟ್ಟ ಆ ಮಗನನ್ನು ಕರೆದು, ಕೈಕಟ್ಟಿ ನಿಂತವರು ಏನು ಮಾಡುತ್ತಿದ್ದರು ಎಂದು ಯಾರಾದರೂ ಕೂತು ವಿವರಿಸಿ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ. ಅವರ ತಂದೆ ಡಯಾಲಿಸಿಸ್‌ಗೆ ಈಗಲೂ ವಾರಕ್ಕೆ ಮೂರು ಸಲ ಬರುತ್ತಾರೆ, ಕಾರಿಡಾರಿನಲ್ಲಿ ಸಿಗುತ್ತಾರೆ.

ಸೋಮವಾರದಿಂದ ನನಗೆ ಮತ್ತೆ ನೈಟ್. ನಿಮ್ಮಲ್ಲಿ ಯಾರಾದರೂ ಒಬ್ಬರು ರಾತ್ರಿ ಮೂರಕ್ಕೆ ಬನ್ನಿ, ಹೇಳದೆಯೇ ಬನ್ನಿ. ಕೈಯಲ್ಲಿ ಗಡಿಯಾರ ಇರಲಿ. ಡ್ಯೂಟಿಯಲ್ಲಿರುವ ಯಾರನ್ನು ಬೇಕಾದರೂ ನಿಲ್ಲಿಸಿ ‘ಬೂಜಿ ಕೊಡಿ’ ಎನ್ನಿ, ಎಷ್ಟು ಸೆಕೆಂಡಾಯಿತು ಎಂದು ಬರೆದುಕೊಳ್ಳಿ. ಆಮೇಲೆ ಪಕ್ಕದ ವಾರ್ಡಿನ ಕಾರ್ಟಿನ ಮುಂದೆ ಅವರನ್ನೇ ನಿಲ್ಲಿಸಿ ಇನ್ನೊಮ್ಮೆ ಕೇಳಿ. ಸಿಲಿಂಡರ್ ಕೀಗೆ ಈಗ ಬೇರೆ ಮೊಳೆ ಹೊಡೆದಿದ್ದೇವೆ, ಸುತ್ತೋಲೆ ಇದ್ದಲ್ಲೇ ಇದೆ.

ಇಂತಿ,
ತುರ್ತು ಚಿಕಿತ್ಸಾ ವಿಭಾಗದ ಒಬ್ಬ ನರ್ಸ್